ಅವ್ವನ ಹತ್ತು ಬೆರಳು

ನಮ್ಮ ಹಟ್ಟಿಯಿಂದ ಬಸ್ಸು ಹತ್ತುವ ಜಾಗಕ್ಕೆ ಎರಡು ಮೈಲಿ. ಅಲ್ಲಿಂದ ತಾಲ್ಲೂಕು ಆಫೀಸು, ಜಿಲ್ಲಾ ಆಸ್ಪತ್ರೆ, ಒಂದೆರಡು ಸಲ ಮಾದಪ್ಪನ ಬೆಟ್ಟ. ಅವ್ವ ಕಂಡ ದೇಶ ಇಷ್ಟೇ. ಈಗ ಅವ್ವ, ನಮ್ಮಾಕೆ ಮತ್ತು ನಾವು ಲಂಡನ್ನಿಗೆ ಹೊರಟಿದ್ದೇವೆ. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಮಗಳು ಅಲ್ಲಿ ಓದಿದಳು. ಜುಲೈನಲ್ಲಿ ಪದವಿ ಕೊಡುತ್ತಾರಂತೆ. "ಅಜ್ಜಿ ಬರದಿದ್ರೆ ನಾನು ಗೌನು ಹಾಕಲ್ಲ" ಅಂತ ಫೋನಿನಲ್ಲಿ ಹಟ ಹಿಡಿದಳು.

ವಿದೇಶ ಕಂಡುಬಂದು ಬರೆದವರು ಕನ್ನಡದಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೊರಡುವ ಮೊದಲು ಏನಾಯಿತು ಎಂದು ಬರೆದವರು ಕಡಿಮೆ. ಅವರಿಗೆ ಬಹುಶಃ ಹೇಳುವಂಥದ್ದೇನೂ ಆಗಿರಲಿಕ್ಕಿಲ್ಲ.

ಮೊದಲು ಪಾಸ್‌ಪೋರ್ಟು. ನಾವು ಹುಟ್ಟಿದ್ದು ಜೂನ್ 1. ನಮ್ಮ ಜೊತೆ ಒಂದನೇ ಕ್ಲಾಸಿಗೆ ಸೇರಿದ ಹಟ್ಟಿಯ ಮಕ್ಕಳೆಲ್ಲ ಹುಟ್ಟಿದ್ದೂ ಜೂನ್ 1ರಂದೇ. ಹೆಡ್‌ಮಾಸ್ತರು ಬರೆದುಕೊಂಡ ಜನ್ಮದಿನ ಅದು. ಮೇಷ್ಟ್ರ ಕೆಲಸ ಮಾಡುತ್ತ ನಾವೂ ಎಷ್ಟೋ ಮಕ್ಕಳನ್ನು ಹಾಗೆಯೇ ಹುಟ್ಟಿಸಿದ್ದೇವೆ, ಸುಳ್ಳೇಕೆ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. "ದೊಡ್ಡ ಕೆರೆ ಕೋಡಿ ಬಿದ್ದ ವರ್ಷ, ರಾಗಿ ಕುಯ್ಲಿನಾಗೆ" ಅಂದಳು. ಆಧಾರ್ ಮಾಡಿಸುವಾಗಲೂ ಹಾಗೇ ಅಂದಿದ್ದಳು, ಜನವರಿ 1 ಅಂತ ಬಂತು. ರಾಗಿ ಕುಯ್ಲಿಗೆ ಅದು ಬಹಳ ದೂರವೇನಲ್ಲ.

ಆಮೇಲೆ ಹೆಸರು. ಅರ್ಜಿಯಲ್ಲಿ ಇನಿಷಿಯಲ್ಲು ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮನೆತನದ ಹೆಸರಿಗೆ ಬೇರೆ ಜಾಗ. ನಮಗೆಲ್ಲಿಯ ಮನೆತನ? ಹೆಸರಿನ ಹಿಂದಿದ್ದ ಒಂದಕ್ಷರದ ಊರನ್ನೇ ಬಿಡಿಸಿ ತುಂಬಿದೆವು. ಬಾವಿಯ ಹಗ್ಗ ಮುಟ್ಟಲು ಬಿಡದಿದ್ದ ಊರನ್ನೇ ಈಗ ಮನೆತನದ ಹೆಸರಾಗಿ ಲಂಡನ್ನಿನವರೆಗೂ ಹೊತ್ತುಕೊಂಡು ಹೋಗುತ್ತಿದ್ದೇವೆ.

ವೀಸಾದ್ದು ಇನ್ನೊಂದು ಪುರಾಣ. ನೋಡಲು ಹೋಗುವವರು ನೋಡಿಕೊಂಡು ವಾಪಸ್ಸು ಬರುತ್ತಾರೆ ಎಂಬುದನ್ನು ಬ್ರಿಟನ್ನಿನ ಅಧಿಕಾರಿಗೆ ನಂಬಿಸಬೇಕು. ಬ್ಯಾಂಕಿನ ಲೆಕ್ಕ, ಪಿಂಚಣಿ ಕಾಗದ, ಜಮೀನಿದ್ದರೆ ಅದರ ದಾಖಲೆ, ಕನ್ನಡದಲ್ಲಿದ್ದದ್ದಕ್ಕೆ ಇಂಗ್ಲಿಷ್ ತರ್ಜುಮೆ. ಈ ಪತ್ರಿಕೆ ಓದುವ ಮೇಷ್ಟ್ರುಗಳು ಯಾರಾದರೂ ಹೊರಟರೆ ಮೂರು ತಿಂಗಳು ಮೊದಲೇ ಕಾಗದ ಕೂಡಿಹಾಕಿಕೊಳ್ಳಿ. ಅವ್ವನ ಹೆಸರು ಮೂರು ದಾಖಲೆಯಲ್ಲಿ ಮೂರು ಥರ ಇತ್ತು, ಅಫಿಡವಿಟ್ಟಿಗೇ ಹದಿನೈದು ದಿನ ಹೋಯಿತು.

ನಮ್ಮದು ಎರಡು ಎಕರೆ ಹತ್ತು ಗುಂಟೆ. ಅಪ್ಪನಿಗೆ ಸರ್ಕಾರ ಮಂಜೂರು ಮಾಡಿದ್ದು. ಅಪ್ಪ ಹಾಸಿಗೆ ಹಿಡಿದಾಗ ಸಾಲಕ್ಕೆಂದು ಹೆಬ್ಬೆಟ್ಟು ಒತ್ತಿಸಿಕೊಂಡ ಸಾಹುಕಾರ ಅದನ್ನು ಕ್ರಯವೆಂದೇ ಬರೆಸಿಕೊಂಡಿದ್ದ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆ ಮಾಡಕೂಡದೆಂಬ 1978ರ ಕಾನೂನು ಬಂದಮೇಲೆ ಉಪವಿಭಾಗಾಧಿಕಾರಿಗಳ ಕೋರ್ಟಿಗೆ ಅವ್ವ ಒಂಬತ್ತು ವರ್ಷ ಅಲೆದಳು. ಬುತ್ತಿ ಕಟ್ಟಿಕೊಂಡು, ಬಸ್ ಚಾರ್ಜು ಉಳಿಸಲು ಒಂದು ಕಡೆಗೆ ನಡೆದುಕೊಂಡು. ಹಾಗೆ ದಕ್ಕಿದ ಪಹಣಿಯನ್ನೇ ಈಗ ಇಂಗ್ಲಿಷಿಗೆ ಮಾಡಿಸಿ ಇಟ್ಟೆವು. ದಕ್ಕದೇ ಹೋದವರು ಮರಳಿ ಬರುತ್ತೇವೆಂದು ಏನು ತೋರಿಸಬೇಕೋ.

"ಅವರೇನಂತ ಕೇಳ್ತಾವ್ರೆ?" ಅಂದಳು ಅವ್ವ.

"ನೀನು ಅಲ್ಲೇ ಉಳ್ಕಂಬಿಟ್ರೆ ಅಂತ."

"ನಿಮ್ಮಪ್ಪನ್ನ ಮಣ್ಣು ಮಾಡಿರೋದು ಇಲ್ಲಿ ಕಣ್ಲಾ. ನಾನ್ಯಾಕೆ ಅಲ್ಲಿ ಕುಂತ್ಕಳ್ಳಿ? ಅಂಗಂತ ಬರ್ದು ಕೊಡು."

ಅರ್ಜಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಇಷ್ಟಾದಮೇಲೆ ಬೆರಳು. ನಮಗೆ ಭಯವಿದ್ದದ್ದು ಇದೊಂದರದೇ. ವೀಸಾ ಕೇಳುವವರು ಹತ್ತೂ ಬೆರಳಿನ ಗುರುತು ಕೊಡಬೇಕು. ಅವ್ವನ ಬೆರಳಿನ ಕತೆ ನಮಗೆ ರೇಷನ್ ಅಂಗಡಿಯಲ್ಲೇ ಗೊತ್ತಿತ್ತು. "ಥಂಬು ಕೂರ್ತಾ ಇಲ್ಲ, ಮುಂದಿನ ವಾರ ಬಾ" ಎಂದು ಎರಡು ಸಲ ಬರಿಚೀಲದಲ್ಲಿ ಕಳಿಸಿದ್ದರು. ಇದ್ದೂರಿನ ಅಕ್ಕಿಗೇ ಆಗದ ಬೆರಳು ಲಂಡನ್ನಿಗೆ ಆದೀತೇ?

ಬೆಂಗಳೂರಿನ ಆ ಆಫೀಸು ತಣ್ಣಗಿತ್ತು, ಅವ್ವ ಸೆರಗು ಹೊದ್ದು ಕೂತಳು. ಸರದಿ ಬಂತು. ಗಾಜಿನ ಮೇಲೆ ಬಲಗೈಯ ನಾಲ್ಕು, ಎಡಗೈಯ ನಾಲ್ಕು, ಆಮೇಲೆ ಎರಡು ಹೆಬ್ಬೆಟ್ಟು. ಯಂತ್ರ ಒಪ್ಪಲಿಲ್ಲ. "ಅಜ್ಜಿ, ಸ್ವಲ್ಪ ಜೋರಾಗಿ ಒತ್ತಿ" ಅಂದಳು ಅಲ್ಲಿದ್ದ ಹುಡುಗಿ. ಒತ್ತಿದಳು. ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರು. ಇಲ್ಲ. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ನಿಟ್ಟುಸಿರು ಬಿಟ್ಟರು.

ಆ ಗೆರೆಗಳು ಎಲ್ಲೆಲ್ಲಿ ಹೋದವೆಂದು ನಮಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಸುಣ್ಣದ ಗೂಡಿನಲ್ಲಿ. ಆಮೇಲೆ ಅಪ್ಪನ ಸಾಲಕ್ಕೆ ಇಬ್ಬರೂ ಜೀತವಿದ್ದ ಮನೆಯ ಕೊಟ್ಟಿಗೆಯಲ್ಲಿ. 1976ರಲ್ಲಿ ಜೀತ ರದ್ದಾಯಿತು, ಕೂಲಿ ರದ್ದಾಗಲಿಲ್ಲ. ರೋಡಿಗೆ ಜಲ್ಲಿ ಒಡೆದಳು. ನಾವು ಟಿ.ಸಿ.ಎಚ್. ಓದುವಾಗ ಹಾಸ್ಟೆಲಿನ ಫೀಸಿಗೆಂದು ಎರಡು ಬೇಸಿಗೆ ಗಾರೆ ಕಲಸಿದಳು. ನಮ್ಮ ಸರ್ಟಿಫಿಕೇಟಿನ ಮೇಲೆ ಅಕ್ಷರ ಮೂಡಿದ್ದು, ಅವ್ವನ ಬೆರಳ ಮೇಲೆ ಗೆರೆ ಅಳಿದದ್ದು ಒಂದೇ ಕಾಲದಲ್ಲಿ.

"ಬಿಡವ್ವಾ, ಅವು ಗೇಯ್ದು ಗೇಯ್ದು ಒಂಟೋದ್ವು. ನಿಂದೇನು ತಪ್ಪೈತೆ" ಅಂದಳು ಅವ್ವ ಆ ಹುಡುಗಿಗೆ.

ಹುಡುಗಿ ಏನೂ ಅನ್ನಲಿಲ್ಲ. ಎದ್ದು ಬಂದು ಅವ್ವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಬಿಸಿಯಾಗುವವರೆಗೆ ಉಜ್ಜಿದಳು. ಅವಳ ಹೆಸರು ಕೇಳಲಿಲ್ಲ, ಕುಲವಂತೂ ಕೇಳಲೇ ಇಲ್ಲ. ಅವಳೂ ಕೇಳಲಿಲ್ಲ. ಒಂದೊಂದೇ ಬೆರಳು ಒತ್ತಿ ಹಿಡಿದು ಆರನೆಯ ಸಲಕ್ಕೆ ಮುಗಿಸಿದಳು. ಯಂತ್ರ ಒಪ್ಪಿತೋ ಅವಳೇ ಒಪ್ಪಿಸಿದಳೋ ನಮಗೆ ತಿಳಿಯದು. ವೀಸಾ ಬಂತು.

ಈಗ ಗಂಟು ಕಟ್ಟುತ್ತಿದ್ದೇವೆ. ನಮ್ಮ ಟಿಕೇಟಿನಲ್ಲಿ ತಲೆಗೆ 23 ಕಿಲೋ. ಮೊಮ್ಮಗಳಿಗೆಂದು ಅವ್ವ ಉಪ್ಪುಗಂಡ ಒಣಗಿಸಿದ್ದಳು. ನಮ್ಮ ದೇಶದಿಂದ ಬ್ರಿಟನ್ನಿಗೆ ಮಾಂಸ ಒಯ್ಯುವಂತಿಲ್ಲ, ಹಾಲಿನ ಪದಾರ್ಥವನ್ನೂ ಒಯ್ಯುವಂತಿಲ್ಲ. ತುಪ್ಪವನ್ನೂ ಬಾಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಕಾನೂನು ನಾವು ಕಂಡದ್ದು ಇದೇ ಮೊದಲು. ರಾಗಿ ಹಿಟ್ಟು, ಹುರುಳಿ ಕಟ್ಟಿಕೊಂಡೆವು. ಹತ್ತು ಗಂಟೆಗೂ ಮೇಲೆ ಕೂತೇ ಇರಬೇಕು, ಕಾಲು ಊದುತ್ತದೆ, ಆಗಾಗ ಎದ್ದು ಓಡಾಡಿಸಿ, ನೀರು ಕುಡಿಸಿ ಅಂತ ಡಾಕ್ಟರು ಹೇಳಿದ್ದಾರೆ. ಬಿ.ಪಿ. ಮಾತ್ರೆ, ಚೀಟಿ ಎರಡೂ ಕೈಚೀಲದಲ್ಲಿ.

ಲಂಡನ್ನಿನಲ್ಲಿ ಅವ್ವ ಕೇಳಿರುವುದು ಒಂದೇ ಜಾಗ. 1921-22ರಲ್ಲಿ ಬಾಬಾಸಾಹೇಬರು ಇದ್ದ ಮನೆ, ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಕೊಂಡುಕೊಂಡಿತು. ಚಾಕ್ ಫಾರ್ಮ್ ಎಂಬಲ್ಲಿ ಸುರಂಗ ರೈಲು ಇಳಿದು ನಡೆಯಬೇಕು. ಅದಕ್ಕೂ ಮೊದಲು 1917ರಲ್ಲಿ ಓದು ಅರ್ಧಕ್ಕೇ ಬಿಟ್ಟು ಅವರು ಊರಿಗೆ ಮರಳಬೇಕಾಯಿತು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಯುದ್ಧದಲ್ಲಿ ಆ ಹಡಗಿನೊಂದಿಗೇ ಮುಳುಗಿದವು. ಇದನ್ನು ಕೇಳಿದ ಅವ್ವ, ಮಗಳ ಪುಸ್ತಕ ತುಂಬಿಕೊಂಡು ಬರಲೆಂದು ತನ್ನ ಪಾಲಿನ ಪೆಟ್ಟಿಗೆಯನ್ನು ಅರ್ಧ ಖಾಲಿ ಬಿಡಿಸಿದ್ದಾಳೆ.

ನಿನ್ನೆ ಷೂ ತಂದೆವು. ಮೇಗಲ ಬೀದಿ ಬಂದಾಗ ಮೆಟ್ಟು ಕೈಗೆ ತೆಗೆದುಕೊಂಡು ನಡೆದ ಕಾಲು ಅದು. ಹಾಕಿಕೊಂಡು ಪಡಸಾಲೆಯಲ್ಲಿ ನಾಲ್ಕು ಸಲ ಓಡಾಡಿದಳು. ಏರ್‌ಪೋರ್ಟಿನಲ್ಲಿ ತಪಾಸಣೆಗೆ ಷೂ ಬಿಚ್ಚಿಸಿದರೂ ಬಿಚ್ಚಿಸಬಹುದು, ಗಾಬರಿಯಾಗಬೇಡ ಅಂದೆವು.

ಅವ್ವ ನಿಂತಳು.

"ಎಲ್ಲಾರ ಕೈಲೂ ಬಿಚ್ಚಿಸ್ತಾರಾ?"

"ಎಲ್ಲಾರ ಕೈಲೂ ಕಣವ್ವಾ."

"ಅಂಗಾದ್ರೆ ಬಿಚ್ತೀನಿ ಬಿಡು" ಅಂದು ಮತ್ತೆ ನಡೆಯತೊಡಗಿದಳು.