ಆಟಕ್ಕುಂಟು, ಲೆಕ್ಕಕ್ಕಿಲ್ಲ

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಹಿರಿಯರು ಸಾಮಾನ್ಯವಾಗಿ ವ್ಯಂಗ್ಯಕ್ಕೆ ಬಳಸುವರು. ಸಭೆಯಲ್ಲಿ ಸ್ಥಾನವಿದ್ದೂ ಮಾತು ನಡೆಯದವನನ್ನು ಕುರಿತು ಹೀಗೆ ಹೇಳಿ ನಗುವುದುಂಟು. ಆದರೆ ಮಕ್ಕಳ ಬಯಲಿನಲ್ಲಿ ಈ ಮಾತಿನ ಹಿಂದಿರುವುದು ವ್ಯಂಗ್ಯವಲ್ಲ, ವಾತ್ಸಲ್ಯ. ಅಕ್ಕನ ಲಂಗ ಹಿಡಿದು ಬಂದ ನಾಲ್ಕು ವರ್ಷದ ತಂಗಿಯನ್ನು ಅಳಿಸಿ ಮನೆಗಟ್ಟಲು ಮನಸ್ಸು ಬಾರದು. ಅವಳಿಗಾಗಿ ಆಟದ ನಿಯಮವನ್ನು ಕೆಡಿಸಲೂ ಆಗದು. ಆಗ ಮಕ್ಕಳು ತಾವೇ ಕಂಡುಕೊಂಡ ಉಪಾಯವಿದು. ಅವಳು ಎಲ್ಲರೊಡನೆ ಓಡಬಹುದು, ಕೂಗಬಹುದು. ಚೆಂಡು ತಗಲಿದರೂ ಔಟಾಗಳು. ದಯೆಗೂ ನ್ಯಾಯಕ್ಕೂ ಒಟ್ಟಿಗೆ ಎಡೆಮಾಡಿಕೊಡುವ ಈ ಏರ್ಪಾಡನ್ನು ಯಾವ ಗುರುವೂ ಅವರಿಗೆ ಬೋಧಿಸಿದ್ದಲ್ಲ.

ಮನೆಯಲ್ಲಿ ಪ್ರತಿಯೊಂದು ಮಗುವೂ ಒಂದು ಬಗೆಯಲ್ಲಿ ಲೆಕ್ಕಕ್ಕಿಲ್ಲದ ಆಟಗಾರನೇ. ಅಜ್ಜ ಮೊಮ್ಮಗನೊಡನೆ ಚೌಕಾಬಾರಕ್ಕೆ ಕುಳಿತರೆ, ಹೊಡೆಯಬಹುದಾದ ಕಾಯಿಯನ್ನು ಕಂಡೂ ಕಾಣದಂತೆ ಬಿಟ್ಟು, ಸೋತು ಸಂತೋಷಪಡುವನು. ಪ್ರೀತಿಯ ರೀತಿಯೇ ಅದು. ಅದೇ ಮೊಮ್ಮಗ ಪಕ್ಕದ ಮನೆಯ ಗೆಳೆಯನೊಡನೆ ಆಡಲು ಕುಳಿತ ದಿನ, ಅವನ ಕಾಯಿಗೆ ಯಾರೂ ಕರುಣೆ ತೋರುವುದಿಲ್ಲ. ಹಣ್ಣಾಗಬೇಕಿದ್ದ ಕಾಯಿ ಹೊಡೆಸಿಕೊಂಡು ಮರಳಿ ಮನೆ ಸೇರುತ್ತದೆ. ಅವನು ಕವಡೆಗಳನ್ನು ಚೆಲ್ಲಿ, ಟೂ ಬಿಟ್ಟು, ಎದ್ದು ಬರುತ್ತಾನೆ. ಮನೆಯ ಜಗಲಿಯಲ್ಲಿ ಒಬ್ಬನೇ ಕುಳಿತಾಗ ಅವನಿಗೊಂದು ಸತ್ಯ ಗೋಚರಿಸುತ್ತದೆ: ಗೆದ್ದರೂ ಸೋತರೂ ಎದುರಿಗೊಬ್ಬನಿಲ್ಲದೆ ಆಟವೇ ಇಲ್ಲ. ಮರುದಿನ ಸಂಜೆ ಆ ಬಾಗಿಲಿಗೆ ಹೋಗಿ ನಿಲ್ಲುವ ಧೈರ್ಯ ಸಣ್ಣದೇನಲ್ಲ. ಕ್ಷಮೆಯೆಂಬ ಶಬ್ದ ಅವನ ಬಾಯಲ್ಲಿ ಬಾರದಿರಬಹುದು. ಚೆಲ್ಲಿದ ಕವಡೆಗಳನ್ನು ಆರಿಸಿಕೊಡುವ ಕೈಯಲ್ಲಿ ಅದು ಇದ್ದೇ ಇರುತ್ತದೆ.

ಈ ಬೆಳವಣಿಗೆಯನ್ನು ವಿದ್ವಾಂಸರೂ ಗಮನಿಸಿದ್ದಾರೆ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಳೆಯ ಮಕ್ಕಳು ಮೊದಮೊದಲು ಒಬ್ಬೊಬ್ಬರೇ ಆಡುತ್ತಾರೆ. ಬಳಿಕ ಪಕ್ಕಪಕ್ಕದಲ್ಲಿದ್ದೂ ತಮ್ಮ ತಮ್ಮ ಆಟದಲ್ಲಿಯೇ ಮಗ್ನರಾಗುತ್ತಾರೆ. ಕೂಡಿ ಆಡುವುದು ಆಮೇಲಿನ ಮಾತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಗೋಲಿಯಾಡುವ ಬಾಲಕರನ್ನು ಕುರಿತು ಬರೆದನು. ಚಿಕ್ಕವರು ನಿಯಮವನ್ನು ಹಿರಿಯರು ವಿಧಿಸಿದ ಅಲಂಘ್ಯ ಕಟ್ಟಳೆಯೆಂದು ಪೂಜ್ಯಭಾವದಿಂದ ನಂಬುವರು, ಆದರೆ ಆಡುವಾಗ ತಮಗೆ ತೋಚಿದಂತೆ ಆಡುವರು. ದೊಡ್ಡವರಾದಂತೆ, ನಿಯಮವೆಂಬುದು ಪರಸ್ಪರ ಒಪ್ಪಿಗೆಯಿಂದ ಆದದ್ದೆಂದು ಅರಿಯುವರು. ಅರಿತ ಮೇಲೆಯೇ ಅದನ್ನು ನಿಜವಾಗಿ ಪಾಲಿಸುವರು. ಭಯದಿಂದ ಬಂದ ಶಿಸ್ತಿಗೂ ಒಪ್ಪಿಗೆಯಿಂದ ಬಂದ ಶಿಸ್ತಿಗೂ ಇರುವ ಅಂತರ ಇದೇ.

ಮತ್ತೆ ಬಯಲಿನ ತಂಗಿಯ ಕಡೆಗೆ ಬರೋಣವಾಗಲಿ. ಲಗೋರಿಯ ಏಳು ಕಲ್ಲುಗಳು ಉರುಳಿವೆ. ಒಂದು ಪಕ್ಷದವರು ಕಲ್ಲು ಜೋಡಿಸಲು ಹವಣಿಸುತ್ತಿದ್ದಾರೆ, ಇನ್ನೊಂದು ಪಕ್ಷದವರು ಚೆಂಡಿನಿಂದ ಹೊಡೆಯುತ್ತಿದ್ದಾರೆ. ಕಲ್ಲಿನ ಮೇಲೆ ಕಲ್ಲಿಡಲು ಬಗ್ಗಿದ ಆ ಪುಟ್ಟವಳ ಬೆನ್ನಿಗೆ ಚೆಂಡು ತಗಲುತ್ತದೆ. ‘ನಿನಗೆ ಔಟಿಲ್ಲ, ಆಡು’ ಎಂದು ಎಲ್ಲರೂ ಕೂಗುತ್ತಾರೆ. ಅವಳು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟು, ‘ಇಲ್ಲ, ನಾನು ಔಟು’ ಎಂದು ನಡೆದು ಹೋಗಿ ಬೇವಿನ ಮರದ ಕೆಳಗೆ ನಿಲ್ಲುತ್ತಾಳೆ. ಕಣ್ಣಲ್ಲಿ ನೀರಿದೆ, ಆದರೆ ತಲೆ ತಗ್ಗಿಲ್ಲ. ಸೋಲನ್ನು ತಾನಾಗಿ ಕೇಳಿ ಪಡೆದ ಆ ಕ್ಷಣದಲ್ಲಿ ಅವಳು ಲೆಕ್ಕಕ್ಕೆ ಸೇರಿದಳು. ಮರುದಿನ ಪಕ್ಷ ಹಂಚುವಾಗ ಅವಳಿಗೂ ಒಂದು ಪಾಲು.

1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಆಟವನ್ನೂ ಒಂದು ಹಕ್ಕೆಂದು ಸಾರಿದೆ. ಇಂದು ಪಟ್ಟಣಗಳಲ್ಲಿ ಬಯಲುಗಳು ಕಿರಿದಾಗಿ, ಗೆಳೆಯನ ಮನೆಗೆ ಹೋಗುವುದಕ್ಕೂ ತಾಯ್ತಂದೆಯರು ದೂರವಾಣಿಯಲ್ಲಿ ವೇಳೆ ಗೊತ್ತುಮಾಡಬೇಕಾಗಿದೆ. ಅದೂ ಆಗಲಿ, ಆದರೆ ಪ್ರತಿಯೊಂದು ಜಗಳಕ್ಕೂ ಹಿರಿಯರು ನ್ಯಾಯಾಧೀಶರಾಗಿ ಓಡಿಬಾರದಿರಲಿ. ಪೆಟ್ಟಾಗದಂತೆ ಕಣ್ಣಿಟ್ಟು, ಉಳಿದುದನ್ನು ಮಕ್ಕಳಿಗೇ ಬಿಡುವುದು ಲೇಸು. ಮನೆ ಮಗುವಿಗೆ ಅಕ್ಕರೆಯನ್ನು ಕೊಡಬಲ್ಲದು. ಸರೀಕರ ನಡುವೆ ಲೆಕ್ಕಕ್ಕೆ ಸೇರುವ ಗೌರವವನ್ನು ಗೆಳೆಯರು ಮಾತ್ರ ಕೊಡಬಲ್ಲರು.