ಉಪ್ಪಿನ ಋಣ ಎಲ್ಲಿಯವರೆಗೆ?

ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂದು ಹಿರಿಯರು ಹೇಳಿದರು. ಒಪ್ಪತಕ್ಕ ಮಾತೇ. ಆದರೆ ಆ ಮನೆ ಬಿಟ್ಟಮೇಲೆ ಬೇರೆಲ್ಲಿಯೂ ಒಲೆ ಹೂಡಕೂಡದೆಂದು ಯಾವ ಹಿರಿಯರೂ ಹೇಳಿದಂತಿಲ್ಲ. ಹಾಗೆ ಹೇಳಿದ್ದರೆ ಪರಊರುಗಳಲ್ಲಿ ಇಷ್ಟೊಂದು ಉಡುಪಿ ಹೋಟೆಲುಗಳು ಹುಟ್ಟುತ್ತಿದ್ದವೆ? ಒಬ್ಬರಲ್ಲಿ ಲೋಟ ತೊಳೆದು, ದೋಸೆ ಹುಯ್ಯಲು ಕಲಿತು, ಆಮೇಲೆ ಸ್ವಂತದ್ದು ತೆರೆದವರೇ ಅಲ್ಲವೆ ಅವರಲ್ಲಿ ಅನೇಕರು!

ಈಗಿನ ಧಣಿಗಳು ಆ ನಿಷೇಧವನ್ನು ಅಚ್ಚುಹಾಕಿಸಿ ಸಹಿ ತೆಗೆದುಕೊಳ್ಳುತ್ತಾರೆ. ನಾವು ಸರಕಾರಿ ಗುಮಾಸ್ತರು; ನಮ್ಮ ಕಚೇರಿಗೆ ಪೈಪೋಟಿ ಹೂಡುವವರಿಲ್ಲವಾದ್ದರಿಂದ ಇಂಥ ಕರಾರಿನ ಗೊಡವೆ ನಮಗೆ ಬಂದದ್ದಿಲ್ಲ. ಆದರೆ ಕಾಗದಪತ್ರ ಓದಬಲ್ಲವರೆಂಬ ಹೆಸರು ನಮಗೆ ಬಳಗದಲ್ಲಿ ಉಂಟು. ಹೋದ ವರ್ಷ ಬೀದರ ಕಡೆಯ ಹುಡುಗನೊಬ್ಬ ನೋಟೀಸು ಹಿಡಿದು ಬಂದ. ಇಲ್ಲಿಯ ಮಾಧಾಪುರದ ಸಾಫ್ಟ್‌ವೇರ್ ಕಂಪನಿಯೊಂದನ್ನು ಕ್ರಮವಾಗಿಯೇ ರಾಜೀನಾಮೆ ಕೊಟ್ಟು ಬಿಟ್ಟಿದ್ದ. ಒಂದು ವರ್ಷ ಅಂಥದೇ ಕೆಲಸಕ್ಕೆ ಬೇರೆಲ್ಲಿಯೂ ಸೇರಕೂಡದೆಂದು ನೋಟೀಸಿನ ತಾತ್ಪರ್ಯ. ಊರಲ್ಲಿ ತಂದೆತಾಯಿ, ಇಲ್ಲಿ ಬಾಡಿಗೆ, ತಂಗಿಯ ಕಾಲೇಜು. ವರ್ಷವಿಡೀ ಕೈಕಟ್ಟಿ ಕೂತರೆ ಗತಿಯೇನು?

1872ರ ಕರಾರು ಕಾಯಿದೆಯ 27ನೆಯ ಕಲಮನ್ನು ತೆಗೆದು ತೋರಿಸಿದೆವು. ನ್ಯಾಯವಾದ ಕಸುಬು, ವ್ಯಾಪಾರಗಳಿಂದ ಯಾರನ್ನೇ ತಡೆಯುವ ಕರಾರು ಅಷ್ಟರಮಟ್ಟಿಗೆ ಶೂನ್ಯ. ಅಂಗಡಿಯನ್ನು ಅದರ ಹೆಸರು ವರ್ಚಸ್ಸಿನೊಡನೆ ಮಾರಿದವನು ಅಲ್ಲೇ ಮತ್ತೊಂದು ತೆರೆಯೆನೆಂದು ಕೊಟ್ಟ ಮಾತು, ಮಿತವಾಗಿದ್ದರೆ, ಇದಕ್ಕೆ ಹೊರತು. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕರಾರಿನ ಅವಧಿ ತೀರಿದಮೇಲೂ ಹಿಡಿದಿಡುವ ಷರತ್ತು ಸಲ್ಲದೆಂದು ಹೇಳಿತು.

ಹಾಗೆಂದು ಧಣಿಗೆ ಹಕ್ಕೇ ಇಲ್ಲವೆಂದಲ್ಲ. 5 ವರ್ಷದ ಕರಾರು ಮುಗಿಯುವ ಮೊದಲೇ ಕಲ್ಯಾಣದ ಟೈರ್ ದಾರದ ಕಾರ್ಖಾನೆ ಬಿಟ್ಟು ಎದುರಾಳಿಯಲ್ಲಿಗೆ ಹೋದ ಮೇಲ್ವಿಚಾರಕನನ್ನು ಇದೇ ಕೋರ್ಟು 1967ರಲ್ಲಿ ತಡೆಯಿತು. ಮನೆಯಲ್ಲಿರುವಷ್ಟು ಕಾಲ ನಿಷ್ಠೆ ಬೇಕು. ಬಿಟ್ಟಮೇಲೂ ಧಣಿಯ ಗುಟ್ಟನ್ನು ಮಾರಕೂಡದು. ಹಣದ ಬಾಂಡಿನ ದಾರಿ ಬೇರೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋದ ವಿಜಯಾ ಬ್ಯಾಂಕು ನಮ್ಮವರಿಗೆಲ್ಲ ಗೊತ್ತು. 3 ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಅದರ ಷರತ್ತನ್ನು 2025ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅದು ಬೇರೆ ನೌಕರಿಗೆ ಅಡ್ಡಿಯಲ್ಲ, ನಡುವೆ ಬಿಟ್ಟುಹೋಗುವುದಕ್ಕೆ ತೆರಬೇಕಾದ ಬೆಲೆ ಮಾತ್ರ ಎಂಬುದು ಅದರ ಸಾರ.

ನಮ್ಮ ಹುಡುಗನಿಗೆ ಬಾಂಡಿರಲಿಲ್ಲ, ಗುಟ್ಟು ಕದ್ದ ಆರೋಪವೂ ಇರಲಿಲ್ಲ. ವಕೀಲರು ಒಂದು ಪುಟದ ಉತ್ತರ ಬರೆದರು. ಹಳೆಯ ಕಂಪನಿ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಆದರೆ ನೋಟೀಸಿನ ಪ್ರತಿಯೊಂದು ಹೊಸ ಕಂಪನಿಗೂ ಹೋಗಿತ್ತು. ಅವರು "ಸ್ವಲ್ಪ ತಾಳಿ" ಎಂದರು. ಆ ಸ್ವಲ್ಪ ಎಂಬುದು ಎರಡು ತಿಂಗಳಾಯಿತು. ಕಾಯಿದೆ ಶೂನ್ಯವೆಂದ ಷರತ್ತು ಎರಡು ತಿಂಗಳ ಸಂಬಳವನ್ನು ನುಂಗಿತು. ಅದರ ಬಲವಿರುವುದು ಕಾಯಿದೆಯಲ್ಲಲ್ಲ, ಎರಡೂ ಕಡೆಯ ಅಂಜಿಕೆಯಲ್ಲಿ.

ಆದ್ದರಿಂದ ನಮ್ಮ ಸಂಘದ ತರುಣ ತರುಣಿಯರಲ್ಲಿ ಒಂದು ಅರಿಕೆ. ನೌಕರಿ ಸಿಕ್ಕ ಸಂಭ್ರಮದಲ್ಲಿ ಸಂಬಳದ ಸಾಲನ್ನಷ್ಟೇ ಓದಬೇಡಿ. ಬಿಡುವಾಗಿನ ಷರತ್ತುಗಳನ್ನೂ ಓದಿ, ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಪ್ರತಿಯೊಂದನ್ನು ಮನೆಯಲ್ಲಿ ಜೋಪಾನವಾಗಿಡಿ. ಧಣಿಯ ಕಡತ ಧಣಿಗೇ ಇರಲಿ. ಕಲಿತ ವಿದ್ಯೆ ಮಾತ್ರ ನಿಮ್ಮ ಜೊತೆಯಲ್ಲೇ ಬರತಕ್ಕದ್ದು. ನಾವೆಲ್ಲ ಊರು ಬಿಟ್ಟು ಈ ಹೈದರಾಬಾದಿಗೆ ಬರುವಾಗ ತಂದದ್ದಾದರೂ ಮತ್ತೇನು?