ತಲೆನೋವಿನ ಸರದಿ

ಹೈದರಾಬಾದಿನಲ್ಲಿ ಮಾರ್ಚ್ ನಡುವೆ 'ಒಂಟಿಪೂಟ ಬಡಿ' ಶುರುವಾಗುತ್ತೆ, ಅಂದರೆ ಅರ್ಧ ದಿನದ ಶಾಲೆ. ಆ ಮಧ್ಯಾಹ್ನದ ಉರಿಬಿಸಿಲಲ್ಲಿ ಕಾಚಿಗುಡದ ಮನೆಗೆ ಬರುತ್ತಿದ್ದ ಅಣ್ಣನ ಮಗ, ಆಗ 7 ವರ್ಷದವನು, ಬ್ಯಾಗ್ ಬಿಸಾಕಿ, ಹಣೆ ಹಿಡಿದುಕೊಂಡು, ಒಂದು ಸಲ ವಾಂತಿ ಮಾಡಿ, ಕತ್ತಲೆ ಕೋಣೆ ಸೇರಿಬಿಡುತ್ತಿದ್ದ. ಎರಡು ಗಂಟೆ ಬಿಟ್ಟು ಎದ್ದರೆ ಏನೂ ಆಗದವನ ಹಾಗೆ ಮೊಸರನ್ನ ಕೇಳುತ್ತಿದ್ದ. ಹೋಮ್‌ವರ್ಕ್ ಕಳ್ಳ ಅಂತ ನಗುತ್ತಿದ್ದೆವು. ಅದು ಅರೆತಲೆನೋವು, ಮೈಗ್ರೇನ್, ಅಂತ ಗೊತ್ತಾಗಿದ್ದು ಆಮೇಲೆ. ಮಕ್ಕಳಿಗೆ ಅದು ಅರೆತಲೆಗೇ ಬರಬೇಕು ಅಂತಿಲ್ಲ, ಹಣೆಯ ಎರಡೂ ಕಡೆ ಹಿಡಿಯುತ್ತೆ. ಹೆಸರು ನಂಬಿ ಕೆಟ್ಟೆವು!

ಆಗೆಲ್ಲ ಅವನ ಅಕ್ಕ ಆರಾಮಾಗಿದ್ದಳು. ಈಗ ಅವಳಿಗೆ 14. ಸರದಿ ಅವಳದು.

ಇದು ನಮ್ಮನೆ ಕತೆಯಷ್ಟೇ ಅಲ್ಲ. ಚಿಕ್ಕವರಿದ್ದಾಗ ಮೈಗ್ರೇನ್ ಹುಡುಗ ಹುಡುಗಿ ಇಬ್ಬರಲ್ಲೂ ಹೆಚ್ಚುಕಡಿಮೆ ಸಮ, ಹುಡುಗರಿಗೆ ತುಸು ಮೊದಲೇ ಶುರು. ಮೈನೆರೆಯುವ ಹೊತ್ತಿಗೆ ತಕ್ಕಡಿ ವಾಲುತ್ತೆ. ದೊಡ್ಡವರಾದ ಮೇಲೆ ಹೆಂಗಸರಲ್ಲಿ 2-3 ಪಟ್ಟು ಜಾಸ್ತಿ. ಮುಟ್ಟಿಗೆ ಮುಂಚೆ ಈಸ್ಟ್ರೋಜೆನ್ ಇಳಿಯುವುದು ಅದಕ್ಕೊಂದು ಕಾರಣ.

ಅವಳ ಕ್ಯಾಲೆಂಡರಿನಲ್ಲಿ ತಲೆನೋವಿನ ದಿನಕ್ಕೆ ನೀಲಿ ಚುಕ್ಕೆ, ಮುಟ್ಟಿನ ದಿನಕ್ಕೆ ಕೆಂಪು. ಮೂರು ತಿಂಗಳಿಂದ ಎರಡೂ ಅಕ್ಕಪಕ್ಕವೇ ಬೀಳುತ್ತಿವೆ. ಅಜ್ಜಿ ಮಾತ್ರ ಅಮೃತಾಂಜನದ ಡಬ್ಬಿ ಹಿಡಿದು ಇನ್ನೂ ಅದೇ ರಾಗ: "ಮೊಬೈಲ್ ನೋಡೀ ನೋಡೀ ಬಂದಿದ್ದು ಕಣೇ."